ಮಕ್ಕಳಿಗೆ ಷರತ್ತಿನ ಪಾಠ
(ವಿಜಯಪುರ ನಗರದ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪ್ರೋಗ್ರಾಮಿನಲ್ಲಿ ಕಂಪ್ಯೂಟರ್ ನಾವು ವಿಧಿಸಿದ ಷರತ್ತು ನಿಜವೋ ಸುಳ್ಳೋ ಎಂದಷ್ಟೇ ನೋಡಿ, ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ತಿಕೋಟಾ, ಬಬಲೇಶ್ವರದ ಮಕ್ಕಳಿಗೆ ಇದು ತೀರ ಹೊಸತಲ್ಲ. ಒಣದ್ರಾಕ್ಷಿ ವಿಂಗಡಿಸುವವರು ಮಾಡುವುದು ಇದನ್ನೇ: ಕಪ್ಪಾಗಿದ್ದರೆ ಈ ಬುಟ್ಟಿಗೆ, ಇಲ್ಲದಿದ್ದರೆ ಆ ಬುಟ್ಟಿಗೆ. ಕಪ್ಪಾಗದಿದ್ದರೂ ಸಣ್ಣದಾಗಿದ್ದರೆ? ಆಗ ಷರತ್ತಿನೊಳಗೆ ಇನ್ನೊಂದು ಷರತ್ತು ಬರುತ್ತದೆ. ಇಷ್ಟನ್ನು ಮನೆಯಲ್ಲೇ ಒಂದು ಹಿಡಿ ದ್ರಾಕ್ಷಿಯಿಂದ ಕಲಿಸಬಹುದು. ದುಬಾರಿ ಕೋಚಿಂಗ್ ಬೇಕಿಲ್ಲ.

ಮಕ್ಕಳು ಎಡವುವುದು ಗಡಿಯಲ್ಲಿ. 1989ರಲ್ಲಿ ನಮ್ಮ ದೇಶದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಪ್ರೋಗ್ರಾಮಿನಲ್ಲಿ ‘ವಯಸ್ಸು 18ಕ್ಕಿಂತ ಹೆಚ್ಚಿದ್ದರೆ’ ಎಂದು ಬರೆದರೆ, ಈಗಷ್ಟೇ 18 ತುಂಬಿದವನು ಹೊರಗುಳಿಯುತ್ತಾನೆ. ‘18 ಅಥವಾ ಅದಕ್ಕಿಂತ ಹೆಚ್ಚು’ ಎನ್ನಬೇಕಿತ್ತು. ಯಂತ್ರ ಎಚ್ಚರಿಸುವುದಿಲ್ಲ, ಹೇಳಿದಂತೆ ನಡೆಯುತ್ತದೆ. ಆದ್ದರಿಂದ 17, 18, 19 ಮೂರನ್ನೂ ಕೊಟ್ಟು ಪರೀಕ್ಷಿಸುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು.

ಪಡಿತರ, ವಿದ್ಯಾರ್ಥಿವೇತನಗಳ ಅರ್ಜಿಗಳು ಇಂದು ಕಂಪ್ಯೂಟರಿನ ಮೂಲಕವೇ ಸಾಗುತ್ತವೆ. ‘ಕಂಪ್ಯೂಟರ್ ತೆಗೆದುಕೊಳ್ಳುತ್ತಿಲ್ಲ’ ಎಂಬ ಉತ್ತರ ಕೇಳಿ ನಾವು ಸುಮ್ಮನೆ ಮರಳುತ್ತೇವೆ. ಷರತ್ತು ಬರೆಯಲು ಕಲಿತ ಮಗಳು ಅಲ್ಲೇ ನಿಂತು ಕೇಳಿಯಾಳು: ಯಾವ ಷರತ್ತಿನಿಂದ? ಅದನ್ನು ಬರೆದವರು ಯಾರು?