ನಮ್ಮಪ್ಪ ಬೋಳಿಸಿದ ಬೇವು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್’ ಎಂದು ಹಾಕಿದ್ದಾರೆ. ಕಂಪ್ಯೂಟರ್ ಬಗ್ಗೆ ಕೇಳಲು ಬಂದವರು ಕ್ಷಮಿಸಬೇಕು. ನಾನು ಮಾತಾಡುವುದು ಗೇಟಿನ ಪಕ್ಕದ ಬೇವಿನ ಮರದ ಬಗ್ಗೆ. ಹೋದ ಜೂನ್‌ನ ಗಾಳಿಮಳೆಗೆ ಅದರ ಒಂದು ದೊಡ್ಡ ಕೊಂಬೆ ರಾತ್ರಿ ಮುರಿದು ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಬಿತ್ತು. ಮಧ್ಯಾಹ್ನವಾಗಿದ್ದರೆ ಅದರ ಕೆಳಗೆ ಮಕ್ಕಳು ಬಿಸಿಯೂಟಕ್ಕೆ ಕೂತಿರುತ್ತಿದ್ದರು. ಅಂದಿನಿಂದ ಕೆಲವರು ಮರವನ್ನೇ ತೆಗೆಸೋಣ ಅನ್ನುತ್ತಾರೆ, ಕೆಲವರು ಅದನ್ನು ಮುಟ್ಟಲೇ ಬೇಡಿ ಅನ್ನುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ.

ಆ ಮರಕ್ಕೂ ನಮ್ಮ ಮನೆಗೂ ಒಂದು ಲೆಕ್ಕ ಇದೆ. ನಮ್ಮಪ್ಪ ಮರ ಕಡಿಯುವ ಕೆಲಸ ಮಾಡುತ್ತಿದ್ದರು. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. 2004ರ ಬೇಸಿಗೆ, ನಾನು ಒಂಬತ್ತನೇ ತರಗತಿ ಮುಗಿಸಿದ್ದೆ. ಬೇವಿನ ಕೊಂಬೆ ತಂತಿಗೆ ತಾಗುತ್ತದೆ ಎಂದು ಅಪ್ಪನನ್ನು ಕರೆಸಿದರು. ಕೂಲಿ ಇಲ್ಲ, ಬಿದ್ದ ಕಟ್ಟಿಗೆಯೇ ಕೂಲಿ. ಆಗ ಎಲ್ಲ ಕಡೆ ಅದೇ ಪದ್ಧತಿ. ತಂತಿಗೆ ತಾಗುತ್ತಿದ್ದದ್ದು ಬೆರಳು ದಪ್ಪದ ರೆಂಬೆಗಳು. ಅವುಗಳನ್ನಷ್ಟೇ ಕಡಿದರೆ ಆಡಿಗೆ ಮೇವು ಸಿಗುತ್ತದೆ, ಮನೆಗೆ ಅಕ್ಕಿ ಬರುವುದಿಲ್ಲ. ಅಪ್ಪ ತೊಡೆ ದಪ್ಪದ ಕೊಂಬೆಗಳನ್ನೇ ಕಡಿದು ಮರದ ತಲೆ ಬೋಳಿಸಿದರು. ಕೆಳಗೆ ಹಗ್ಗ ಹಿಡಿದವನು ನಾನು. “ಅಪ್ಪಾ, ಇಷ್ಟು ಕಡಿದ್ರೆ ಸಾಯಲ್ವಾ?” ಅಂದೆ. “ಬೇವು ಸಾಯಾಂಗಿಲ್ಲೋ ತಮ್ಮಾ, ಮತ್ತ ಚಿಗುರ್ತೈತಿ” ಅಂದರು. ಮೂರು ಬಂಡಿ ಕಟ್ಟಿಗೆ ಬೇಕರಿಗೆ ಹೋಯಿತು. ಆ ದುಡ್ಡಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ ಪುಸ್ತಕ, ಟ್ಯೂಷನ್ ಎಲ್ಲ ಆಯಿತು.

ಅಪ್ಪ ಹೇಳಿದ ಹಾಗೆ ಚಿಗುರಿತು. ತೊಂದರೆ ಇರುವುದು ಆ ಚಿಗುರಿನಲ್ಲೇ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಹಗ್ಗ ಕಟ್ಟಿ ಮರ ಹತ್ತಿ ಕೊಂಬೆ ಸವರುವ ಒಬ್ಬರ ಜೊತೆ ಆರು ವರ್ಷ ಶನಿವಾರ, ಭಾನುವಾರ ದುಡಿದೆ. ಈಗ ನಾನೂ ಆ ಕೆಲಸ ಮಾಡುತ್ತೇನೆ. ಅಲ್ಲಿ ಕಲಿತದ್ದು ಇಷ್ಟು. ಮರದ ಸಹಜ ಕೊಂಬೆ ಕಾಂಡದ ಜೊತೆಜೊತೆಗೆ ಬೆಳೆಯುತ್ತದೆ. ವರ್ಷ ವರ್ಷವೂ ಕಾಂಡದ ಪದರ ಕೊಂಬೆಯ ಬುಡವನ್ನು ಸುತ್ತಿ ಹಿಡಿಯುತ್ತದೆ. ಬೋಳಿಸಿದ ಮೇಲೆ ಬರುವ ಚಿಗುರು ಹಾಗಲ್ಲ, ಅದು ತೊಗಟೆಯ ಕೆಳಗಿನಿಂದ ಹೊರಟು ಮೇಲಿನ ಪದರಕ್ಕೆ ಮಾತ್ರ ಅಂಟಿರುತ್ತದೆ. ಒಂದೇ ಜಾಗದಲ್ಲಿ ಹತ್ತು ಚಿಗುರು ಬಂದು ಸರಸರ ಬೆಳೆಯುತ್ತವೆ. ಕಡಿದ ಮೋಟು ಒಳಗೊಳಗೇ ಕೊಳೆಯುತ್ತದೆ. ಇಪ್ಪತ್ತು ವರ್ಷದಲ್ಲಿ ಆ ಚಿಗುರೇ ದೊಡ್ಡ ಕೊಂಬೆಯಾಗಿ ಕೊಳೆತ ಮೋಟಿನ ಮೇಲೆ ನಿಂತಿರುತ್ತದೆ. ಜೂನ್‌ನಲ್ಲಿ ಬಿದ್ದದ್ದು ಅಂಥದ್ದೇ ಕೊಂಬೆ. ಬುಡ ನೋಡಿದೆ, ಒಳಗೆ ಕಂದು ಪುಡಿ.

ಹಾಗಾದರೆ ತಲೆ ಕಡಿಯುವುದೇ ತಪ್ಪೇ ಎಂದರೆ ಅಲ್ಲ. ಹಿಪ್ಪುನೇರಳೆಯನ್ನು ರೇಷ್ಮೆ ರೈತರು ವರ್ಷಕ್ಕೆ ಹಲವು ಸಲ ಕತ್ತರಿಸುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟಕ್ಕೆಂದೇ ಸೊಪ್ಪಿನ ಬೆಟ್ಟ ಇರುತ್ತದೆ, ಅಲ್ಲಿನ ಮರಗಳ ಸೊಪ್ಪು ಕಡಿಯುವುದು ತಲೆಮಾರಿನ ಕೆಲಸ. ಕಾಂಡ ಎಳೆಯದಿರುವಾಗಲೇ ಶುರು ಮಾಡಬೇಕು, ಪ್ರತಿ ಸಲ ಅದೇ ಗಂಟಿನ ಮೇಲೆ ಸಣ್ಣ ಕೊಂಬೆ ಇರುವಾಗಲೇ ಕಡಿಯಬೇಕು, ನಡುವೆ ಬಿಡಬಾರದು. ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕಂಪನಿ ಕೆಲಸಕ್ಕೆ ಲಂಡನ್ನಿಗೆ ಹೋದಾಗ ನೋಡಿದೆ. ಊರಿನ ಅಂಚಿನಲ್ಲಿ ಎಪ್ಪಿಂಗ್ ಫಾರೆಸ್ಟ್ ಎಂಬ ಕಾಡಿದೆ. ಅಲ್ಲಿ ಲೌಟನ್ ಎಂಬ ಊರಿನ ಬಡವರಿಗೆ ನವೆಂಬರ್ 11ರಿಂದ ಏಪ್ರಿಲ್ 23ರವರೆಗೆ ಸೌದೆಗೆ ಕೊಂಬೆ ಕಡಿಯುವ ಹಕ್ಕಿತ್ತು. 1878ರ ಕಾನೂನು ಕಾಡನ್ನು ಉಳಿಸಿತು, ಆ ಹಕ್ಕನ್ನು ಮಾತ್ರ ಪರಿಹಾರ ಕೊಟ್ಟು ನಿಲ್ಲಿಸಿತು. ಕಡಿಯುವವರಿಲ್ಲದೆ ಕೊಂಬೆಗಳು ಆನೆಗಾತ್ರ ಬೆಳೆದು, ಹಳೆಯ ಬೀಚ್ ಮರಗಳು ತಮ್ಮ ತಲೆಭಾರಕ್ಕೇ ಸೀಳುತ್ತವೆ. ಅವುಗಳ ಕೆಳಗೆ ನಿಂತಾಗ ನನಗೆ ನಮ್ಮ ಗೇಟಿನ ಮರವೇ ನೆನಪಾಯಿತು. ಸುಳ್ಳಲ್ಲ.

ಇನ್ನು ಕೊಂಬೆ ಎಲ್ಲಿ ಕಡಿಯಬೇಕು? ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಉಬ್ಬಿದ ಜಾಗ ಇರುತ್ತದೆ. ಮಕ್ಕಳು ಊಟಕ್ಕೆ ಹೋದಾಗ ಮುಟ್ಟಿ ನೋಡಿ. ಆ ಬಳೆಯ ಹೊರಗೆ, ಮೋಟು ಬಿಡದೆ ಕೊಯ್ಯಬೇಕು. ಭಾರದ ಕೊಂಬೆಯಾದರೆ ಮೂರು ಕೊಯ್ತ: ಮೊದಲು ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ, ಆಮೇಲೆ ಇನ್ನೂ ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಬಳೆಯ ಹತ್ತಿರ. ಹೀಗಾದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸುಲಿಯುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಹೇಳಿದ್ದು, ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಮರ ಅದನ್ನು ಗೋಡೆ ಕಟ್ಟಿ ಮುಚ್ಚುತ್ತದೆ ಎಂದು. ಬಳೆಯನ್ನೇ ಕೊಯ್ದರೆ ಆ ಗೋಡೆ ಕೆಡುತ್ತದೆ. ಮೇಲೆ ಬಳಿಯುವ ಡಾಂಬರು, ಪೇಂಟು ಕೊಳೆಯುವುದನ್ನು ತಡೆಯುವುದಿಲ್ಲ. ಅಪ್ಪ ಸಗಣಿ, ಕೆಮ್ಮಣ್ಣು ಮೆತ್ತುತ್ತಿದ್ದರು. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಇನ್ನೂ ರಾಜಿಯಾಗಿಲ್ಲ.

ನಮ್ಮ ಕೆಲಸದಲ್ಲಿ ಕೋಡ್ ತಪ್ಪಾದರೆ ಹಿಂದಿನದಕ್ಕೆ ಮರಳಬಹುದು. ಕೊಂಬೆಗೆ ಆ ಸೌಲಭ್ಯ ಇಲ್ಲ. ಮರ ಹತ್ತುವವರಿಗೂ ಇಲ್ಲ. ಅಪ್ಪ ಒಮ್ಮೆ ಹುಣಸೆ ಮರದಿಂದ ಬಿದ್ದರು. ಸೊಂಟಕ್ಕೆ ಹಗ್ಗ ಇರಲಿಲ್ಲ. ಅವರ ಎಡಗೈ ಇವತ್ತಿಗೂ ಭುಜದ ಮೇಲೆ ಏಳುವುದಿಲ್ಲ.

ಶಾಲಾ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟು. ಮರದ ಬುಡ ಗಟ್ಟಿ ಇದೆ, ಬಡಿದು ನೋಡಿದ್ದೇನೆ. ಒಂದೊಂದು ಮೋಟಿನಲ್ಲೂ ಒಳ್ಳೆಯ ಒಂದೆರಡು ಕೊಂಬೆ ಉಳಿಸಿ, ಅವುಗಳ ಉದ್ದ ಇಳಿಸಿ, ಉಳಿದದ್ದನ್ನು ಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪ ತೆಗೆಯೋಣ. ಒಂದು ಸಲಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಹಸಿರು ತೆಗೆಯುವುದು ಬೇಡ. ಬಳ್ಳಾರಿ ಬಿಸಿಲಿಗೆ ಬೋಳು ತೊಗಟೆ ಬೆಂದು ಸೀಳುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಗಳಿಗೆ ಅರ್ಜಿ ಕೊಟ್ಟು, ಅನುಮತಿ ಕೈಗೆ ಬಂದ ಮೇಲೆಯೇ ಶುರು ಮಾಡೋಣ. ತಂತಿಯ ಕಡೆ ಕೆಲಸ ಮಾಡುವ ದಿನ ಲೈನ್‌ಮನ್ ಬಂದು ಕರೆಂಟ್ ತೆಗೆಯಬೇಕು. ಅಲ್ಲಿಯವರೆಗೆ ಬಿಸಿಯೂಟದ ಸಾಲನ್ನು ಆ ಕಡೆ ವರಾಂಡಕ್ಕೆ ಹಾಕಿ. ಇನ್ನೊಂದು ಮಾತು: ಮುಂದೆ ಯಾರನ್ನೇ ಕರೆಸಿ, ಕೂಲಿಯನ್ನು ದುಡ್ಡಿನಲ್ಲಿ ಕೊಡಿ. ಕಟ್ಟಿಗೆ ಶಾಲೆಯಲ್ಲೇ ಉಳಿಯಲಿ. ಕಟ್ಟಿಗೆಯೇ ಕೂಲಿಯಾದರೆ ಕೊಡಲಿ ದಪ್ಪ ಕೊಂಬೆಗೇ ಹೋಗುತ್ತದೆ, ಅದರಲ್ಲಿ ಕಡಿಯುವವನ ತಪ್ಪಿಲ್ಲ.

ಮೊದಲ ವರ್ಷದ ಕೆಲಸಕ್ಕೆ ಫೆಬ್ರವರಿಯಲ್ಲಿ, ಹಳೆ ಎಲೆ ಉದುರುವ ಹೊತ್ತಿಗೆ ನಾನೇ ಬರುತ್ತೇನೆ. ಹಗ್ಗ, ಹೆಲ್ಮೆಟ್, ಗರಗಸ ನನ್ನವು. ಕೆಳಗೆ ಹಗ್ಗ ಹಿಡಿಯಲು ನಾಲ್ಕು ಜನ ಬೇಕು, ನಮ್ಮ ಬ್ಯಾಚಿನವರು ಈಗಲೇ ಹೆಸರು ಕೊಡಿ. ಅಪ್ಪ ಹೇಗೂ ಬರುತ್ತಾರೆ, ಕಟ್ಟೆ ಮೇಲೆ ಕೂತು ನನ್ನ ತಪ್ಪು ಎಣಿಸುವುದಕ್ಕೆ.