ಕಂಪ್ಯೂಟರಿನ ನೆನಪು ಕೈಕೊಟ್ಟಾಗ

ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯಲ್ಲಿ ನೆಹರೂ ಪ್ಲೇಸ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಸಿಕಂದರಾಬಾದಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್. ಇಂಥ ಮಾರುಕಟ್ಟೆಗಳಿಂದ ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಂಡವರು ನಮ್ಮ ಕನ್ನಡಿಗರಲ್ಲೂ ಅನೇಕರಿದ್ದಾರೆ. ಹಣ ಉಳಿಯುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಆದರೆ ಕೆಟ್ಟಾಗ ಯಾರನ್ನು ಕೇಳುವುದು?

ಒಂದು ದಿನ ಇದ್ದಕ್ಕಿದ್ದಂತೆ ನೀಲಿ ಪರದೆ ಬರುತ್ತದೆ. ಮರುದಿನ ಬ್ರೌಸರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮತ್ತೊಂದು ದಿನ ನಿನ್ನೆ ಇಳಿಸಿಕೊಂಡ ಜಿಪ್ ಫೈಲು ಹಾಳಾಗಿದೆ ಎಂಬ ಸೂಚನೆ. ಪರಿಚಯದವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಸಲಹೆ, 'ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಬಿಡಿ' ಎಂದು. ದಯವಿಟ್ಟು ಅವಸರಪಡಬೇಡಿ. ಪ್ರತಿ ಸಲವೂ ಬೇರೆ ಬೇರೆ ರೀತಿಯ ತೊಂದರೆ ಕಾಣುತ್ತಿದ್ದರೆ, ಮೊದಲು ಸಂಶಯಿಸಬೇಕಾದದ್ದು ರ‍್ಯಾಮ್ ಅನ್ನು, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪನ್ನು.

8 ಗಿಗಾಬೈಟಿನ ಒಂದು ರ‍್ಯಾಮ್ ಪಟ್ಟಿಯಲ್ಲಿ ಸುಮಾರು 6,870 ಕೋಟಿ ಪುಟ್ಟ ಕೋಶಗಳಿರುತ್ತವೆ. ಒಂದೊಂದರಲ್ಲೂ ಚಿಟಿಕೆಯಷ್ಟು ವಿದ್ಯುತ್ತು. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇವು ಸೋರುವ ಬಿಂದಿಗೆಗಳಿದ್ದಂತೆ. ಡಿಡಿಆರ್4 ಮಾದರಿಯಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಎಲ್ಲವನ್ನೂ ಮತ್ತೆ ತುಂಬುತ್ತಿರಬೇಕು. ಇವುಗಳಲ್ಲಿ ಒಂದೇ ಒಂದು ತಪ್ಪಿದರೆ ಏನಾದೀತು ಎನ್ನುತ್ತೀರಾ? ಯೂನಿಕೋಡಿನಲ್ಲಿ 'ಕ' ಅಕ್ಷರಕ್ಕೂ 'ಗ' ಅಕ್ಷರಕ್ಕೂ ಇರುವ ವ್ಯತ್ಯಾಸ ಒಂದೇ ಬಿಟ್. ಆ ಬಿಟ್ ತಿರುಗಿತೆಂದರೆ ನೀವು ಬರೆದ 'ಕಾಳಿ' 'ಗಾಳಿ' ಆಗುತ್ತದೆ. ಫೈಲು ಎಂದಿನಂತೆ ತೆರೆದುಕೊಳ್ಳುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್ ಎಂಬಲ್ಲಿ ಚುನಾವಣೆಯ ಮತಯಂತ್ರ ಒಬ್ಬ ಅಭ್ಯರ್ಥಿಗೆ 4,096 ಮತಗಳನ್ನು ಹೆಚ್ಚಿಗೆ ತೋರಿಸಿತು. ಇರಲು ಸಾಧ್ಯವೇ ಇಲ್ಲದಷ್ಟು ಮತ ಬಂದದ್ದರಿಂದ ಅದು ಪತ್ತೆಯಾಯಿತು. 4,096 ಎಂದರೆ ಎರಡನ್ನು ಹನ್ನೆರಡು ಬಾರಿ ಗುಣಿಸಿದ ಸಂಖ್ಯೆ, ಅಂದರೆ ಒಂದೇ ಬಿಟ್ಟಿನ ಬೆಲೆ. ಒಂದು ಬಿಟ್ ತಾನಾಗಿ ತಿರುಗಿದ್ದೇ ಕಾರಣವಿರಬೇಕೆಂದು ತಜ್ಞರು ಊಹಿಸಿದರು. ಇದು ಅಪರೂಪವೇನಲ್ಲ. ಗೂಗಲ್ ಸಂಸ್ಥೆಯ ಸರ್ವರುಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದಲ್ಲಿ ನೂರಕ್ಕೆ ಎಂಟಕ್ಕಿಂತ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ದೋಷ ಕಂಡುಬಂದಿತ್ತು. ಅವುಗಳಲ್ಲಿ ದೋಷ ತಿದ್ದುವ ಇಸಿಸಿ ವ್ಯವಸ್ಥೆ ಇತ್ತು. ನಮ್ಮ ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನೀವು ಉಳಿಸುವ ಪ್ರತಿಯೊಂದು ಫೈಲೂ, ನಕಲು ಮಾಡುವ ಪ್ರತಿಯೊಂದು ಫೋಟೋವೂ ಡಿಸ್ಕಿಗೆ ಹೋಗುವುದು ರ‍್ಯಾಮ್ ಮೂಲಕವೇ. ತೊಂದರೆ ಕಂಡೊಡನೆ ಗಾಬರಿಯಿಂದ ಮಗುವಿನ ಫೋಟೋಗಳನ್ನೂ ಕನ್ನಡ ಸಂಘದ ಲೆಕ್ಕಪತ್ರವನ್ನೂ ಅದೇ ಯಂತ್ರದಲ್ಲಿ ಬ್ಯಾಕಪ್ ಮಾಡಲು ಹೊರಟರೆ, ಕೆಟ್ಟ ರ‍್ಯಾಮ್ ಆ ನಕಲನ್ನೂ ಕೆಡಿಸಬಹುದು. ಹಳೆಯ ಒಳ್ಳೆಯ ಬ್ಯಾಕಪ್ ಮೇಲೆಯೇ ಹೊಸದನ್ನು ಬರೆದರಂತೂ ಇದ್ದದ್ದೂ ಹೋಯಿತು. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದರೆ ಆ ಹೊಸ ವಿಂಡೋಸೂ ದೋಷ ಹೊತ್ತುಕೊಂಡೇ ಹುಟ್ಟಬಹುದು. ಆದ್ದರಿಂದ ಸಂಶಯ ಬಂದ ಕೂಡಲೇ ಕಂಪ್ಯೂಟರ್ ಆರಿಸಿ. ಡಿಸ್ಕನ್ನು ಹೊರತೆಗೆದು ಇನ್ನೊಂದು ಸರಿಯಾದ ಕಂಪ್ಯೂಟರಿಗೆ ಜೋಡಿಸಿ, ಬೇಕಾದ್ದನ್ನು ಅಲ್ಲಿ ನಕಲು ಮಾಡಿಕೊಳ್ಳಿ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದ್ದರೆ ಅದರ ಕೀಲಿಸಂಖ್ಯೆ ಕೈಯಲ್ಲಿರಲಿ. ಹಳೆಯ ಬ್ಯಾಕಪ್ ಇದ್ದರೆ ಅದನ್ನು ಮುಟ್ಟಬೇಡಿ.

ಇನ್ನು ಪರೀಕ್ಷೆ. ಮೆಮ್‌ಟೆಸ್ಟ್86 ಮತ್ತು ಮೆಮ್‌ಟೆಸ್ಟ್86 ಪ್ಲಸ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬೇರೆ ಕಂಪ್ಯೂಟರಿನಲ್ಲಿ ಇವನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ನಿಮ್ಮ ಯಂತ್ರವನ್ನು ಚಾಲೂ ಮಾಡಬೇಕು. ವಿಂಡೋಸಿನಲ್ಲೇ ಮೆಮೊರಿ ಪರೀಕ್ಷಕ ಇದೆ, ಆದರೆ ಸೂಕ್ಷ್ಮ ದೋಷಗಳು ಅದರ ಕಣ್ಣಿಗೆ ಬೀಳದೇ ಹೋಗಬಹುದು. ರಾತ್ರಿ ಮಲಗುವ ಮುನ್ನ ಪರೀಕ್ಷೆ ಆರಂಭಿಸಿ ಬೆಳಿಗ್ಗೆಯವರೆಗೆ ಓಡಲು ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಅದು ದೋಷವೇ. 'ಒಂದೇ ತಾನೇ' ಎನ್ನುವಂತಿಲ್ಲ.

ದೋಷ ಕಂಡರೆ ತಕ್ಷಣ ಅಂಗಡಿಗೆ ಓಡಬೇಕಾಗಿಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಚಾಲನೆಯಲ್ಲಿದೆಯೇ ನೋಡಿ. ಪೆಟ್ಟಿಗೆಯ ಮೇಲೆ 3600 ಎಂದು ಬರೆದ ಡಿಡಿಆರ್4 ರ‍್ಯಾಮ್ ಆ ವೇಗದಲ್ಲಿ ಓಡುವುದು ಈ ಆಯ್ಕೆಯಿಂದ. ಎಲ್ಲ ಪ್ರಾಸೆಸರ್, ಮದರ್‌ಬೋರ್ಡುಗಳೂ ಅದನ್ನು ತಾಳಿಕೊಳ್ಳಲಾರವು. ಆಯ್ಕೆ ತೆಗೆದು ಮತ್ತೆ ಪರೀಕ್ಷಿಸಿ. ದೋಷ ಮಾಯವಾದರೆ ಸ್ವಲ್ಪ ಕಡಿಮೆ ವೇಗದಲ್ಲಿ ಬಳಸಿ. ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಆಗಲೂ ದೋಷ ಉಳಿದರೆ ಪೆಟ್ಟಿಗೆ ಬಿಚ್ಚಿ. ಮೊದಲು ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಮೇಲಿನ ಸ್ಥಾಯೀ ವಿದ್ಯುತ್ತು ಹೋಗಲಿ. ರ‍್ಯಾಮ್ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ತೆಗೆದು, ಅದರ ಹೊಂಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ 'ಟಕ್' ಎಂದು ಕೂರುವವರೆಗೆ ಒತ್ತಿ. ಎಷ್ಟೋ ಸಲ ಇಷ್ಟರಲ್ಲೇ ಕಾಯಿಲೆ ವಾಸಿಯಾಗುತ್ತದೆ.

ವಾಸಿಯಾಗದಿದ್ದರೆ ಒಂದೊಂದೇ ಪಟ್ಟಿಯನ್ನು ಪರೀಕ್ಷಿಸಿ. ಯಾವ ಸ್ಲಾಟ್ ಮೊದಲು ಎಂಬುದು ಮದರ್‌ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೊದಲ ಪಟ್ಟಿ ಯಾವ ಸ್ಲಾಟಿಗೆ ಹಾಕಿದರೂ ದೋಷ ತೋರಿಸಿ, ಎರಡನೆಯದು ಎಲ್ಲಿಯೂ ತೋರಿಸದಿದ್ದರೆ ತಪ್ಪು ಮೊದಲ ಪಟ್ಟಿಯದು. ಎರಡೂ ಪಟ್ಟಿಗಳು ಒಂದೇ ಸ್ಲಾಟಿನಲ್ಲಿ ಸೋತು ಇನ್ನೊಂದರಲ್ಲಿ ಗೆದ್ದರೆ ತಪ್ಪು ಸ್ಲಾಟಿನದು. ಎಲ್ಲವೂ ಎಲ್ಲೆಡೆ ಸೋತರೆ ಪ್ರಾಸೆಸರ್, ಅದರ ಬಾಗಿದ ಪಿನ್ನುಗಳು, ಮದರ್‌ಬೋರ್ಡ್ ಅಥವಾ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಕಡೆ ನೋಡಬೇಕು. ಬೇರೆ ಬೇರೆ ಸಮಯದಲ್ಲಿ ಕೊಂಡ ಎರಡು ಪಟ್ಟಿಗಳು ಒಂಟಿಯಾಗಿ ಸರಿಯಿದ್ದು, ಜೊತೆಯಾದಾಗ ಮಾತ್ರ ಜಗಳವಾಡುವುದೂ ಉಂಟು.

ಡಿಡಿಆರ್5 ಬಳಸುವವರಿಗೆ ಎರಡು ಮಾತು. ಹೊಸ ಪಟ್ಟಿ ಹಾಕಿದ ಮೇಲೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಯಂತ್ರ ತನ್ನ ನೆನಪನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ಆಗ ಆರಿಸಬೇಡಿ. ಹಾಗೆಯೇ, ಡಿಡಿಆರ್5 ಚಿಪ್ಪಿನೊಳಗಿನ ದೋಷ ತಿದ್ದುವಿಕೆ ಚಿಪ್ಪಿನ ಒಳಗಷ್ಟೇ. ಪಟ್ಟಿಯಿಂದ ಪ್ರಾಸೆಸರಿಗೆ ಸಾಗುವ ದಾರಿಗೆ ಅದರ ಕಾವಲಿಲ್ಲ.

ಕೆಟ್ಟ ಪಟ್ಟಿ ಗೊತ್ತಾದರೆ ಬಿಲ್ ಹುಡುಕಿ. ಹಲವು ತಯಾರಕರು ರ‍್ಯಾಮ್‌ಗೆ ದೀರ್ಘಾವಧಿಯ ಖಾತರಿ ಕೊಡುತ್ತಾರೆ. ಪರೀಕ್ಷೆಯ ಪರದೆಯ ಫೋಟೋ ಇದ್ದರೆ ಅಂಗಡಿಯಲ್ಲಿ ವಾದಕ್ಕೆ ಎಡೆಯಿರುವುದಿಲ್ಲ. ಜೋಡಿಯಾಗಿ ಕೊಂಡಿದ್ದರೆ ಜೋಡಿಯಾಗಿಯೇ ಬದಲಿಸಿಕೊಳ್ಳಿ. ಹೊಸದನ್ನು ಹಾಕಿದ ಮೇಲೂ ಒಂದು ರಾತ್ರಿ ಪರೀಕ್ಷೆ ಓಡಿಸಿ. ಅದರಲ್ಲಿ ತೇರ್ಗಡೆಯಾದ ನಂತರ, ಬೇಕೆನಿಸಿದರೆ, ಫಾರ್ಮ್ಯಾಟ್ ಮಾಡಿ. ಕಡೆಗೊಂದು ಕೆಲಸ ಮರೆಯಬೇಡಿ: ತೊಂದರೆಯ ದಿನಗಳಲ್ಲಿ ಉಳಿಸಿದ ಲೆಕ್ಕ, ಪತ್ರ, ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿ. ಹಾಳಾದದ್ದು ಸಿಕ್ಕರೆ, ಅದರ ಒಳ್ಳೆಯ ಪ್ರತಿ ನಿಮ್ಮ ಹಳೆಯ ಬ್ಯಾಕಪ್‌ನಲ್ಲಿ ಇನ್ನೂ ಇರಬಹುದು.