ಬಾಗಿಲಲ್ಲಿ ನಿಂತು 'ನಾನು' ಎಂದರೆ ಸಾಕೇ?

ಸಹೋದರರೇ, ನಂಬರ್ ತೋರಿಸದೆ ಬರುವ ಕರೆಯನ್ನು ಎತ್ತಬೇಕೇ ಎಂಬುದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮೆಲ್ಲರ ಪ್ರಶ್ನೆ. ತಂದೆಯ ಸಾಲದ ವಿಷಯವಾಗಿ ಹಝ್ರತ್ ಜಾಬಿರ್(ರ) ಪ್ರವಾದಿಯವರ(ಸ) ಬಾಗಿಲು ತಟ್ಟಿದರು. ಯಾರೆಂದು ಕೇಳಿದಾಗ 'ನಾನು' ಎಂದಷ್ಟೇ ಹೇಳಿದರು. ಪ್ರವಾದಿಯವರಿಗೆ(ಸ) ಅದು ಹಿಡಿಸಲಿಲ್ಲವೆಂದು ಬುಖಾರಿಯಲ್ಲಿದೆ. ಹೆಸರು ಹೇಳುವುದು ಬಂದವನ ಹೊಣೆ. ಮನೆಯವರು ಮರಳಿ ಹೋಗಿ ಎಂದರೆ ಮರಳಬೇಕೆಂದು ಸೂರಃ ಅನ್ನೂರ್ ಕಲಿಸುತ್ತದೆ. ಫೋನೂ ಒಂದು ಬಾಗಿಲೇ. ಎತ್ತದಿದ್ದರೆ ಗುನಾಹ್ ಇಲ್ಲ ಎಂದೇ ನಾವು ತಿಳಿಯುತ್ತೇವೆ.

ಆದರೆ ಗಲ್ಫ್‌ನಲ್ಲಿರುವ ಮಗನ ಕರೆಯೂ ಕೆಲವೊಮ್ಮೆ ಹಾಗೆಯೇ ಬರುತ್ತದೆ. ತಾಯಿ ಹೇಗೆ ಸುಮ್ಮನಿರಲಿ? ಎತ್ತಲಿ, ಯಾರೆಂದು ಕೇಳಲಿ. ಪೊಲೀಸರೆಂದು ಬೆದರಿಸಿ ಒಟಿಪಿ ಕೇಳಿದರೆ ಕರೆ ಕತ್ತರಿಸಲಿ. 'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ. ಮೆಣಸಿನಕಾಯಿ ಮಾರಿದ ಹಣ ಹೋಗಿಯೇಬಿಟ್ಟರೆ, ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ತಿಳಿಸಿ.